ಗುಡಾಣನ ನೆರಳು

ಹೊಟ್ಟೆ ದೊಡ್ಡದೆಂದು ಊರೆಲ್ಲ ಅವನನ್ನು ಗುಡಾಣ ಎಂದೇ ಕರೆಯುತ್ತಿತ್ತು. ಕೈಯೂ ಧಾರಾಳವೇ, ಪಕ್ಕದ ಗದ್ದೆಯವನು ಒಂದು ಮೂಟೆ ಯೂರಿಯಾ ಎರಚಿದರೆ ಇವನು ಹಟಕ್ಕೆ ಬಿದ್ದು ಎರಡು ಎರಚುವನು. ಹೆಚ್ಚಾದದ್ದು ಹರಿದು ಕೆರೆ ಸೇರಿ, ನೀರೆಲ್ಲ ಪಾಚಿಗಟ್ಟಿತ್ತು.

ಈ ಸಲ ಹೆಂಡತಿ ಕೃಷಿ ಕಚೇರಿಯಿಂದ ಹಲವು ಬಗೆಯ ಹಸಿರು ಬಳಿದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತಂದಳು. ಭತ್ತದ ಎಲೆಯನ್ನು ಅದರ ಮೇಲಿಟ್ಟು ನೋಡಬೇಕು. ಎಲೆ ತಿಳಿಹಸಿರಾಗಿದ್ದರೆ ಮಾತ್ರ ಗೊಬ್ಬರ. ಆದರೆ ಬಿಸಿಲು ಬಿದ್ದರೆ ಬಣ್ಣ ಮೋಸ ಮಾಡುತ್ತದೆ, ಮೈ ಅಡ್ಡ ಮಾಡಿ ನೆರಳಲ್ಲೇ ನೋಡಬೇಕು. ಕಡ್ಡಿಯಂಥ ಅವಳ ನೆರಳು ಎಲ್ಲಿ ಸಾಲಬೇಕು?

“ರೀ, ಮೂಟೆ ಅಲ್ಲೇ ಇರ್ಲಿ. ಇಲ್ಲಿ ಬಂದು ಸುಮ್ನೆ ನಿಂತ್ಕೊಳ್ಳಿ!”

ಅವನು ಗೊಣಗುತ್ತ ಬಂದು ಸೂರ್ಯನಿಗೆ ಅಡ್ಡ ನಿಂತ. ಎಲೆ ಕಡುಹಸಿರು, ಗೊಬ್ಬರ ಬೇಡ. ಮುಂದಿನ ವಾರವೂ ಬೇಡ. ಕೊಯ್ಲಿನಲ್ಲಿ ಭತ್ತ ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ಯೂರಿಯಾ ಮೂಟೆಗಳಲ್ಲಿ ಅರ್ಧದಷ್ಟು ಮೂಲೆಯಲ್ಲಿ ಬಾಯಿ ಬಿಚ್ಚದೆ ಕೂತಿದ್ದವು.

ಮರುಬೆಳೆಗೆ ಪಕ್ಕದ ಗದ್ದೆಯವನು ತಲೆ ಕೆರೆದುಕೊಳ್ಳುತ್ತ ಬಾಗಿಲಿಗೆ ಬಂದ. ಗುಡಾಣ ಎಂದು ಹೆಸರಿಟ್ಟವನೇ ಅವನು.

“ಅತ್ತಿಗೆ, ಪಟ್ಟಿ ನಾನೂ ತಂದಿದೀನಿ. ಒಂದರ್ಧ ಗಂಟೆ ಅಣ್ಣನ್ನ ಕಳಿಸ್ಕೊಡ್ತೀರಾ?”

ಗುಡಾಣ ಹೊಟ್ಟೆ ನೀವಿಕೊಂಡ. “ತಡಿ, ಊಟ ಮಾಡ್ಕೊಂಡು ಬರ್ತೀನಿ. ಖಾಲಿ ಹೊಟ್ಟೇಲಿ ನೆರಳು ಸಾಲಲ್ಲ!”