ಅಣ್ಣನಿಗೆ ಕಾಣುತ್ತಿದ್ದ ಆಟ

ಇವತ್ತು ಮಗಳ ಕಂಪ್ಯೂಟರಿನಲ್ಲಿ ಒಂದೇ ಕ್ರಿಕೆಟ್ ಗೇಮಿನ ಹಳೆಯ, ಹೊಸ ಆವೃತ್ತಿಗಳೆರಡೂ ಇರುವುದನ್ನು ಕಂಡು ಅಣ್ಣ ನೆನಪಾದ.

ಕೊಟ್ಟೂರಿನ ನಮ್ಮ ಮನೆಯಲ್ಲಿ ಅಪ್ಪ ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಆಟ ಮುಗಿದ ಕೂಡಲೇ ಅವ್ವನ ಹಳೆಯ ಸೀರೆ ಹೊದಿಸುತ್ತಿದ್ದರು. ಅದರಲ್ಲಿ ನಾನೂ ಅಣ್ಣ ಕೊಟ್ರೇಶನೂ ದಿನಾ ಕ್ರಿಕೆಟ್ ಆಡುತ್ತಿದ್ದೆವು. ಆ ಹಳೆಯ ಆವೃತ್ತಿಯಲ್ಲಿ ಚೆಂಡು ಲಿಂಬೆಹಣ್ಣಿನಷ್ಟು ದೊಡ್ಡದು. ಯಾವಾಗಲೂ ಅಣ್ಣನೇ ಗೆಲ್ಲುತ್ತಿದ್ದ.

ಒಮ್ಮೆ ನಾನು ಗೆಳತಿಯಿಂದ ಹೊಸ ಆವೃತ್ತಿಯ ಸಿ.ಡಿ. ತಂದೆ. ಕಂಪ್ಯೂಟರಿನಲ್ಲಿ ಎರಡಕ್ಕೂ ಜಾಗ ಸಾಲಲಿಲ್ಲ.

"ಹಳೇದ ಇರ್ಲಿ ಬಿಡವ್ವ, ನನಗ ಅದ ಚಲೋ ಐತಿ" ಅಂದ ಅಣ್ಣ.

ಸೋಲುವ ಭಯಕ್ಕೆ ಹಾಗನ್ನುತ್ತಾನೆಂದುಕೊಂಡು, ಅವನಿಲ್ಲದಾಗ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ. ಹಳೆಯದರ ಸಿ.ಡಿ. ನಮ್ಮ ಹತ್ತಿರ ಇರಲಿಲ್ಲ.

ಹೊಸದರಲ್ಲಿ ಚೆಂಡು ಸಾಸಿವೆ ಕಾಳಿನಷ್ಟು. ಅಣ್ಣ ಪರದೆಗೆ ಮೂಗು ತಾಗಿಸಿ ಕೂತರೂ ಮೊದಲ ಚೆಂಡಿಗೇ ಔಟಾಗುತ್ತಿದ್ದ. ನಾನು ಕೇಕೆ ಹಾಕಿ ನಗುತ್ತಿದ್ದೆ. ನಾಲ್ಕನೇ ದಿನ ಅವನು, "ನೀನ ಆಡವ್ವ, ನಾ ಕೇಳ್ತಾ ಕುಂದರ್ತೀನಿ" ಎಂದು ಗೋಡೆಗೊರಗಿದ.

ಅದೇ ವಾರ ಅವನು ತುಂಬಿದ ಕೊಡವನ್ನು ಎಡವಿ ಉರುಳಿಸಿದ. "ಕಣ್ಣ ಕಾಣಂಗಿಲ್ಲೇನಲೇ?" ಅಂತ ಅಪ್ಪ ರೇಗಿದರು.

"ಇಲ್ಲಪ್ಪ, ಕಾಣಂಗಿಲ್ಲ" ಅಂದ ಅಣ್ಣ, ಮೆಲ್ಲಗೆ.

ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದರು ಬಳ್ಳಾರಿಯ ಡಾಕ್ಟರು. ನಾನು ಕೂಡ್ಲಿಗಿ, ಹಡಗಲಿಯ ಅಂಗಡಿಗಳಲ್ಲೆಲ್ಲ ಆ ಹಳೆಯ ಆಟಕ್ಕಾಗಿ ಹುಡುಕಿಸಿದೆ. ಅದು ಸಿಗುವ ಹೊತ್ತಿಗೆ ಅಣ್ಣನಿಗೆ ಆ ಚೆಂಡೂ ಕಾಣುತ್ತಿರಲಿಲ್ಲ.

ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ನಾನು ಆ ಹಳೆಯ ಆಟ ಅಳಿಸಿದ ಮಾತನ್ನು ಅವನು ಎತ್ತುವುದಿಲ್ಲ. ಕ್ಷಮಿಸು ಎನ್ನಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.