ಪುದೀನ ಎಣ್ಣೆಯೂ ಪಕ್ಕದ ಮನೆಯೂ

ಪಕ್ಕದ ಮನೆಯವರು ಹೊಸ ಕಾರು ತಂದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಮೂರನೆಯ ಮಹಡಿ ಎಬ್ಬಿಸಿ ನಮ್ಮ ಬಿಸಿಲು ಕಸಿದಾಗಲೂ ಸುಮ್ಮನಿದ್ದೆ. ಆದರೆ ಹೋದ ಮಳೆಗಾಲದಲ್ಲಿ ಅವರ ಮೆಟ್ಟಿಲ ಮೇಲೆ ಒಂದು ಬೆಕ್ಕು ಮೈಚಾಚಿ ಮಲಗಿದ್ದನ್ನು ಕಂಡಾಗ ಹೊಟ್ಟೆ ಧಗಧಗ ಉರಿದುಹೋಯಿತು. ಆ ಬೆಕ್ಕು ನಮ್ಮದು. ಹಾಗಂತ ನಾನು ಹೇಳುತ್ತೇನೆ, ಬೆಕ್ಕನ್ನು ಯಾರೂ ಕೇಳಿರಲಿಲ್ಲ.

ಅವಳ ಹೆಸರು ಗುಂಡಮ್ಮ. ಗಂಗಾನಗರದ ನಮ್ಮ ಮನೆಗೆ ಮರಿಯಾಗಿದ್ದಾಗಲೇ ಬಂದವಳು, ಮೊಸರನ್ನ ತಿಂದು ಹೆಸರಿಗೆ ತಕ್ಕಂತೆ ಬೆಳೆದವಳು. ಸಾಯಂಕಾಲ ನಾನು ಕುರ್ಚಿಯಲ್ಲಿ ಕೂತರೆ ತೊಡೆ ಮೇಲೆ ಬಂದು ಗುರುಗುಟ್ಟುತ್ತಿದ್ದಳು. ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದವಳು ಅವಳೊಬ್ಬಳೇ. ಇಲಿ ಹಿಡಿಯುವುದು ಮಾತ್ರ ತನ್ನ ಘನತೆಗೆ ಕುಂದು ಎಂದುಕೊಂಡಿದ್ದಳು. ಸೋಲದೇವನಹಳ್ಳಿಯ ನನ್ನ ಹೆಂಡತಿಯ ತವರಿನಿಂದ ವರ್ಷಾ ವರ್ಷಾ ರಾಗಿ ಮೂಟೆ ಬರುತ್ತದೆ. ಅದನ್ನು ಇಳಿಸುವಷ್ಟರಲ್ಲಿ ಬೀದಿಯ ಇಲಿಗಳಿಗೆಲ್ಲ ಸುದ್ದಿ ಮುಟ್ಟಿರುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ನಮ್ಮಲ್ಲಿ ಚೆಲ್ಲಾಟ ಇಬ್ಬರಿಗೂ ಇತ್ತು, ಪ್ರಾಣಸಂಕಟ ನನಗಿತ್ತು.

ಪಾಷಾಣ ಇಡೋಣವೆಂದರೆ ಹೆಂಡತಿ ಒಪ್ಪಲಿಲ್ಲ. ಗಣಪತಿಯ ವಾಹನವನ್ನು ಕೊಂದ ಮೇಲೆ ಚೌತಿಗೆ ಯಾವ ಮುಖ ಇಟ್ಟುಕೊಂಡು ಕಡುಬು ಬಡಿಸುವುದು ಅಂತ ಅವಳ ವಾದ. ವಿಷ ತಿಂದ ಇಲಿಯನ್ನು ಗುಂಡಮ್ಮ ಮುಟ್ಟಿಬಿಟ್ಟರೆ ಅನ್ನುವ ಭಯ ನನ್ನದು. ಇಷ್ಟನ್ನು ನಾವು ಮನೆಯೊಳಗೆ ಮಾತಾಡಲಿಲ್ಲ. ಇಲಿಗಳ ವಿಷಯ ಒಳಗೆ ಆಡಿದರೆ ಅವು ಕೇಳಿಸಿಕೊಂಡು ಸೇಡಿಗೆ ರೇಷ್ಮೆ ಸೀರೆಯನ್ನೇ ಕತ್ತರಿಸುತ್ತವೆ ಅಂತ ನನ್ನ ಅತ್ತೆಯವರ ಕಾಲದಿಂದ ಬಂದ ನಂಬಿಕೆ. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಯಾಕೆ ಬೇಕು ಅಂತ ಇಬ್ಬರೂ ಕಾಂಪೌಂಡ್ ಗೋಡೆಯ ಹತ್ತಿರ ನಿಂತು ಪಿಸುಗುಟ್ಟಿದೆವು.

ಗೋಡೆಯ ಆಚೆ ನಾಗರತ್ನಮ್ಮ ಬಟ್ಟೆ ಒಣಹಾಕುತ್ತಿದ್ದರು. ಇಲಿಗೆ ಕೇಳಿಸಿತೋ ಇಲ್ಲವೋ, ಅವರಿಗೆ ಕೇಳಿಸಿತು. ಅವರದು ಇಲ್ಲೇ ಹುಟ್ಟಿ ಬೆಳೆದ ಹಳೇ ಊರಿನ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಗೋಡೆಯ ಮೇಲಿಂದ ಬಗ್ಗಿ ಔಷಧಿ ಹೇಳಿಯೇಬಿಟ್ಟರು. ಪುದೀನ ಎಣ್ಣೆಯಲ್ಲಿ ಹತ್ತಿ ಅದ್ದಿ ಮೂಲೆಮೂಲೆಗೂ ಇಡಬೇಕು, ಕಿತ್ತಳೆ ಸಿಪ್ಪೆ ಹರಡಬೇಕು, ಬಾಗಿಲ ಸಂದಿಗೆ ನೀಲಗಿರಿ ಎಣ್ಣೆ ಸವರಬೇಕು. ಎಲ್ಲಾ ನ್ಯಾಚುರಲ್ಲು, ಪಾಪಾನೂ ಇಲ್ಲ. ಎಷ್ಟು ಒಳ್ಳೆಯ ಹೆಂಗಸು ಅಂದುಕೊಂಡು ಆ ಸಂಜೆಯೇ ಆರ್.ಟಿ. ನಗರಕ್ಕೆ ಹೋಗಿ ಎಲ್ಲವನ್ನೂ ತಂದೆ.

ವಾರದೊಳಗೆ ನಮ್ಮ ಮನೆ ನೋವಿನ ಮುಲಾಮಿನ ಡಬ್ಬಿಯಂತೆ ನಾರತೊಡಗಿತು. ಕಾಫಿಗೂ ಪುದೀನ, ಹಾಸಿಗೆಗೂ ಪುದೀನ. ಇಲಿಗಳು ಎರಡು ದಿನ ಬೆರಗಾಗಿ, ಮೂರನೆಯ ದಿನ ಹತ್ತಿಯನ್ನೇ ಎಳೆದುಕೊಂಡು ಹೋಗಿ ಗೂಡು ಮಾಡಿಕೊಂಡವು. ಮನೆ ಬಿಟ್ಟವಳು ಗುಂಡಮ್ಮ. ಹೊಸ್ತಿಲವರೆಗೆ ಬಂದು, ಮೂಗು ಮುರಿದು, ಸೀನಿ, ನನ್ನನ್ನು ಒಮ್ಮೆ ನೋಡಿ ಗೋಡೆ ಹಾರಿದಳು.

ಹೋದವಳು ಹೋದಳು ಅಂದುಕೊಳ್ಳಬಹುದಿತ್ತು. ಆದರೆ ಅಲ್ಲಿ ಅವಳು ಇಲಿ ಹಿಡಿಯತೊಡಗಿದಳು! ನಾಗರತ್ನಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ಅದಕ್ಕಿಂತ ಉರಿ ತಂದದ್ದು ಅವರು ಅವಳನ್ನು 'ಪಿಂಕಿ' ಎಂದು ಕರೆದದ್ದು, ಮತ್ತು ಗುಂಡಮ್ಮ ಆ ಹೆಸರಿಗೆ ಬಾಲ ಎತ್ತಿಕೊಂಡು ಓಡಿದ್ದು. ಸಾಯಂಕಾಲದ ನನ್ನ ಕುರ್ಚಿ ಭಣಗುಟ್ಟಿತು. ಪೇಪರು ಓದುವ ನೆಪದಲ್ಲಿ ನಾನು ದಿನಾ ಅವರ ಮೆಟ್ಟಿಲು ಕಾಯುತ್ತಿದ್ದೆ. ಈ ವಯಸ್ಸಿನಲ್ಲಿ ಪಕ್ಕದ ಮನೆಯ ಕಡೆ ಹೀಗೆ ನೋಡುವುದು ಚೆನ್ನಾಗಿರಲ್ಲ ಅಂತ ಹೆಂಡತಿ ನಕ್ಕಳು. ನಕ್ಕು, ಎಣ್ಣೆ ಸಿಪ್ಪೆಗಳನ್ನೆಲ್ಲ ಬಳಿದು ಆಚೆ ಹಾಕಿದಳು.

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದಂತೆ. ನಾಗರತ್ನಮ್ಮನವರ ಮಹಡಿಯಲ್ಲಿ ಮರಿ ಹಾಕಿದ ಗುಂಡಮ್ಮ ಒಂದು ಬೆಳಿಗ್ಗೆ ಒಂದೊಂದನ್ನೇ ಕಚ್ಚಿಕೊಂಡು ಗೋಡೆ ದಾಟಿ ಬಂದು ನಮ್ಮ ರಾಗಿ ಮೂಟೆಯ ಹಿಂದೆ ಸಂಸಾರ ಹೂಡಿದಳು. ಇಲಿಗಳು ಆ ಕಡೆಗೆ ವಲಸೆ ಹೋದವು. ನಾನು ಬೀದಿಯವರಿಗೆಲ್ಲ ಕಾಣುವ ಹಾಗೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಓಡಾಡಿದೆ.

ನಾಗರತ್ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಮುಖ ಬಾಡಿತ್ತು.

"ನಮ್ಮನೇಲಿ ಇಲಿ ಕಾಟ ಶುರುವಾಗಿದೆ ಕಣ್ರೀ. ಪಿಂಕೀನ ಕಳಿಸ್ಕೊಡಿ."

ಇಂಥ ಗಳಿಗೆಗೇ ಕಾದಿದ್ದ ನಾನು ಆದಷ್ಟು ಮೆತ್ತಗೆ ಹೇಳಿದೆ. "ಅದಕ್ಯಾಕೆ ಯೋಚ್ನೆ? ನೀವೇ ಹೇಳಿದ್ರಲ್ಲ, ಪುದೀನ ಎಣ್ಣೆ, ಕಿತ್ತಳೆ ಸಿಪ್ಪೆ."

"ಅಯ್ಯೋ, ಅದನ್ನ ಹಾಕಿದ್ರೆ ಬೆಕ್ಕು ಒಳಗೇ ಬರಲ್ಲ ಕಣ್ರೀ" ಅಂದುಬಿಟ್ಟರು.

ಅಂದ ಮೇಲೆ ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಸೆರಗು ಸರಿಮಾಡಿಕೊಂಡು ಅವರು ಹಾಲಿನ ಪ್ಯಾಕೆಟ್ಟನ್ನೇ ನೋಡತೊಡಗಿದರು. ಆಮೇಲೆ ಸಣ್ಣ ದನಿಯಲ್ಲಿ, "ದಿನಾ ಸಾಯಂಕಾಲ ನಿಮ್ ತೊಡೆ ಮೇಲೆ ಮಲಗಿರೋದು. ಮಹಡಿಯಿಂದ ನೋಡಿ ನೋಡಿ ಆಸೆಯಾಗ್ತಿತ್ತು" ಅಂದರು.

ಜಗಳ ಆಡಬೇಕಿತ್ತು. ಹಾಲಿನ ಪ್ಯಾಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ನಾನು ಅವರ ಮೆಟ್ಟಿಲು ನೋಡಿ ಉರಿಯುವುದಕ್ಕೆ ಎಷ್ಟೋ ಮೊದಲೇ ಅವರು ನನ್ನ ಕುರ್ಚಿ ನೋಡಿ ಉರಿದಿದ್ದರು. ನನ್ನಲ್ಲೂ ಇನ್ನೊಬ್ಬರು ಹೊಟ್ಟೆಕಿಚ್ಚು ಪಡುವಂಥದ್ದು ಏನೋ ಇತ್ತು ಅಂತ ಈ ಜನ್ಮದಲ್ಲಿ ಮೊದಲ ಸಲ ತಿಳಿಯಿತು, ಒಳಗೊಳಗೇ ಖುಷಿಯೂ ಆಯಿತು. ಮರಿಗಳು ಹಾಲು ಬಿಟ್ಟ ಮೇಲೆ ಒಂದನ್ನು ಕೊಡುತ್ತೇನೆ ಅಂದೆ.

ಒಂದೇ ಷರತ್ತು ಹಾಕಿದೆ. ಹೆಸರು ನಾನೇ ಇಡುತ್ತೇನೆ.