ಅರ್ಧ ಕೋಯ್ತಾ

ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುವುದು ನನಗೆ ಹುಟ್ಟಿನಿಂದ ಬಂದ ರೂಢಿ. ಜೇವರ್ಗಿ ತಾಲ್ಲೂಕಿನ ನಮ್ಮ ಓಣಿಯ ಕ್ರೈಸ್ತರ ಮಕ್ಕಳೆಲ್ಲ ಹಾಗೆಯೇ ಬೆಳೆದವರು. ಅವ್ವ ತಟ್ಟೆಯ ಮೇಲೆ ಅಂಗೈ ಚಾಚಿ ಪ್ರಾರ್ಥನೆ ಮುಗಿಸುವುದರೊಳಗೆ ಯಾರಾದರೂ ರೊಟ್ಟಿ ಮುರಿದರೆ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ಮುಂದೆ ಶಿಕ್ಷಕಿಯಾಗಿ ಮಣ್ಣೂರಿಗೆ ಹೋದೆ, ಅಲ್ಲಿಂದ ಆಳಂದದ ಹಳ್ಳಿಗಳಿಗೆ ಬಂದೆ, ನಿವೃತ್ತಿಯೂ ಆಯಿತು. ರೂಢಿ ಮಾತ್ರ ಬಿಡಲಿಲ್ಲ. ಅದೇ ರೂಢಿ ಒಬ್ಬ ಬಾಣಂತಿಯ ಮುಂದಿನ ತಟ್ಟೆಯನ್ನು ಕಿತ್ತುಕೊಂಡೀತೆಂದು ನನಗೆ ಹೊಳೆದಿರಲಿಲ್ಲ.

ಮಾದನಹಿಪ್ಪರಗಾ ಕಡೆಯ ಒಂದು ಹಳ್ಳಿಯ ಅಂಚಿನಲ್ಲಿ ನನ್ನ ಮನೆ. ಕಬ್ಬಿನ ಹಂಗಾಮು ಶುರುವಾದರೆ ಮನೆಯ ಹಿಂದಿನ ಬೀಳುಭೂಮಿಯಲ್ಲಿ ಗಡಿಯಾಚೆಯ ಕನ್ನಡ ಮಾತಾಡುವ ಊರುಗಳಿಂದ ಬಂದ ಕಟಾವಿನ ಗ್ಯಾಂಗು ಜೋಪಡಿ ಹಾಕುತ್ತದೆ. ಆ ವರ್ಷ ಒಂದು ಜೋಪಡಿಯಲ್ಲಿ ಮೂರು ದಿನದ ಕೂಸಿತ್ತು. ಕೂಸು ಅಳುತ್ತಿದ್ದ ರೀತಿ ನನಗೆ ಸರಿ ಕಾಣಲಿಲ್ಲ. ಅಳುವುದಕ್ಕೂ ಅದರಲ್ಲಿ ಬಲವಿರಲಿಲ್ಲ. ತಾಯಿಗೆ ಹಾಲು ಬಂದಿಲ್ಲ ಎಂದುಕೊಂಡು ಬಿಸಿ ಜೋಳದ ರೊಟ್ಟಿ, ಸಬ್ಬಸಗಿ ಪಲ್ಯ ಮಾಡಿಕೊಂಡು ಹೋದೆ. ಇಪ್ಪತ್ತೂ ತುಂಬದ ಹುಡುಗಿ, ಮುಖ ಬಿಳಚಿಕೊಂಡಿತ್ತು. ತಟ್ಟೆಯನ್ನು ಆಕೆಯ ಮುಂದಿಟ್ಟೆ. ಇಟ್ಟವಳು ಸುಮ್ಮನೆ ಬರಬಾರದಿತ್ತೆ? ತಟ್ಟೆಯ ಮೇಲೆ ಅಂಗೈ ಚಾಚಿದೆ, ಕಣ್ಣು ಮುಚ್ಚಿದೆ, ಯೇಸುಸ್ವಾಮಿಯ ಹೆಸರು ಹಿಡಿದು ಬೇಡಿಕೊಂಡೆ. ಕಣ್ಣು ಬಿಟ್ಟಾಗ ಆಕೆಯ ಗಂಡ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದವನೇ ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟ.

"ಒಯ್ರಿ ಅಕ್ಕೋರ, ನಮಗ ಬ್ಯಾಡ. ನಾವ ಬಡವರ ಖರೇ, ಆದ್ರ ನಮ್ಮ ದೇವರನ್ನ ಬಿಟ್ಟವರಲ್ಲ."

"ಯಾರು ಬಿಡು ಅಂದ್ರಪಾ ನಿನಗ? ರೊಟ್ಟಿ ತಿನ್ರಿ ಅಂದೆ, ಅಷ್ಟ."

"ರೊಟ್ಟಿ ಕೊಟ್ಟು ಕುಲ ಬಿಡ್ರಿ ಅಂತಾರಂತ ಮಂದಿ ಹೇಳ್ಯಾರ್ರಿ. ನೀವ ಈಗ ಏನೋ ಅಂದ್ರಿ, ನಾ ಕೇಳೇನಿ."

ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ತಟ್ಟೆಯನ್ನು ಕುಕ್ಕಿದೆ. ಹೆಂಡತಿ ಹಸಿದು ಮಲಗಿರುವಾಗ ಇವನಿಗೆ ಎಂಥ ಜಂಬ ಎಂದು ಬೈದೆ. ಸಂಜೆಯ ಹೊತ್ತಿಗೆ ಸಿಟ್ಟು ಇಳಿಯಿತು, ಇಳಿದ ಮೇಲೆ ನಾಚಿಕೆಯಾಯಿತು. ಅವನಿಗೆ ನನ್ನ ಗುರುತಿಲ್ಲ. ಅವನ ಕಣ್ಣಿಗೆ ಕಂಡದ್ದು ಒಂದು ರೊಟ್ಟಿ, ಅದರ ಹಿಂದೆ ಒಂದು ಕೈ, ಆ ಕೈಯ ಹಿಂದೆ ಏನೋ ಒಂದು ಲೆಕ್ಕಾಚಾರ. ನನ್ನ ಪ್ರಾರ್ಥನೆ ದೇವರಿಗೆ ಮುಟ್ಟಿತೋ ಇಲ್ಲವೋ ತಿಳಿಯದು, ಆ ಹುಡುಗಿಯ ಹೊಟ್ಟೆಗಂತೂ ಮುಟ್ಟಲಿಲ್ಲ. ಪ್ರೀತಿಯ ಮೇಲೆ ಚರ್ಚಿನಲ್ಲಿ ನಾನು ಕೇಳಿದ ಪ್ರಸಂಗಗಳನ್ನು ಬರೆದಿಟ್ಟಿದ್ದರೆ ಒಂದು ಕಪಾಟು ತುಂಬುತ್ತಿತ್ತು. ಕಪಾಟು ತುಂಬಿದ್ದರಿಂದ ಯಾರಿಗೆ ಏನು ಬಂತು?

ಮರುದಿನ ಗ್ಯಾಂಗಿನವರೆಲ್ಲ ಹೊಲಕ್ಕೆ ಹೋದ ಮೇಲೆ ಬರಿಗೈಯಲ್ಲಿ ಹೋಗಿ ಜೋಪಡಿಯ ಹೊರಗೆ ಕುಳಿತೆ. ನೀರು ಕಾಯಿಸಿಕೊಟ್ಟೆ, ಕೂಸಿನ ಬಟ್ಟೆ ಹಿಂಡಿ ಹಾಕಿದೆ. ಆಗ ಹುಡುಗಿಯೇ ಬಾಯಿಬಿಟ್ಟಳು.

"ಐತವಾರ ತನಕ ಮಲ್ಕೋ ಅಂದಾನ್ರಿ ಮುಕಾದಮ. ಸೋಮವಾರ ಹೊಲದಾಗ ಇರಬೇಕಂತ. ಇಲ್ಲಂದ್ರ ಇಬ್ಬರೂ ಗಂಟು ಕಟ್ರಿ ಅಂದಾನ."

ಮುಕಾದಮ ಎಂದರೆ ಗ್ಯಾಂಗಿನ ಮೇಲ್ವಿಚಾರಕ. ಕಬ್ಬು ಕಡಿಯುವ ಕತ್ತಿಗೆ ಅವರು ಕೋಯ್ತಾ ಎನ್ನುತ್ತಾರೆ. ಆದರೆ ಗ್ಯಾಂಗಿಗೆ ಜನರನ್ನು ಹಿಡಿಯುವಾಗ ಒಂದು ಕೋಯ್ತಾ ಎಂದರೆ ಗಂಡ ಹೆಂಡತಿಯ ಜೋಡಿ. ಗಂಡ ಕಡಿಯಬೇಕು, ಹೆಂಡತಿ ಕಬ್ಬಿನ ರವದಿ, ಅಂದರೆ ಒಣ ಗರಿ, ಸುಲಿದು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸಬೇಕು. ಜೋಡಿಯಲ್ಲಿ ಒಬ್ಬರು ಮಲಗಿದರೆ ಉಳಿದದ್ದು ಅರ್ಧ ಕೋಯ್ತಾ, ಅರ್ಧ ಕೋಯ್ತಾ ಯಾವ ಮುಕಾದಮನಿಗೂ ಬೇಡ. ಹುಡುಗಿಗೆ ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದವು. ಒಂದೂವರೆ ತಿಂಗಳು ಭಾರ ಎತ್ತಬೇಡ ಎಂದು ನರ್ಸ್ ಹೇಳಿ ಕಳಿಸಿದ್ದಳಂತೆ. ಹುಡುಗಿ ಅದನ್ನು ಹೇಳಿ ನಕ್ಕಳು.

ರೊಟ್ಟಿಯಿಂದ ನೀಗುವ ಕೆಲಸ ಇದಲ್ಲ ಎಂದು ಆಗ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಹಳೆಯ ಸೀರೆಯನ್ನು ಎತ್ತಿ ಕಟ್ಟಿ, ತಲೆಗೆ ಸಿಂಬಿ ಸುತ್ತಿಕೊಂಡು ಹೊಲಕ್ಕೆ ಹೋಗಿ ಮುಕಾದಮನ ಮುಂದೆ ನಿಂತೆ.

"ಆಕಿ ಏಳೂತನಕ ಅರ್ಧ ಕೋಯ್ತಾ ನಾ ಆಗ್ತೇನಿ."

ಅವನು ಬಾಯಿಯ ಗುಟ್ಕಾ ಉಗುಳಿ ನಕ್ಕ. "ಅಕ್ಕೋರ, ಇದು ಚಾಕ್‌ಪೀಸ್ ಅಲ್ರಿ, ಕಬ್ಬು."

"ಹೊರಿ ಟ್ರ್ಯಾಕ್ಟರ್ ಮುಟ್ಟಿದ್ರ ಆತಿಲ್ಲೋ? ಯಾರ ತಲಿ ಅಂತ ಕೇಳ್ತದೇನು ನಿನ್ನ ಕಾರ್ಖಾನಿ?"

ಮುಕಾದಮ ಒಂದು ಸಾಲಿನ ಕಡೆ ಕೈ ತೋರಿಸಿದ. ಹುಡುಗಿಯ ಗಂಡ ಅಲ್ಲಿ ಕೋಯ್ತಾ ಹಿಡಿದು ನಿಂತಿದ್ದ. ರೊಟ್ಟಿಯನ್ನು ತಿರುಗಿಸಿ ಕೊಡಬಹುದು, ತನ್ನ ಸಾಲಿನಲ್ಲಿ ಬಗ್ಗಿ ರವದಿ ಸುಲಿಯುವ ಅರವತ್ತು ದಾಟಿದ ಹೆಂಗಸನ್ನು ಏನು ಮಾಡಲಿಕ್ಕೆ ಬರುತ್ತದೆ? ಮೊದಲ ದಿನ ನನ್ನ ಪಾಲಿಗೆ ತೆಳ್ಳನೆಯ ಹೊರೆ ಬಿಟ್ಟ. ಗದರಿಸಿದೆ. ಎರಡನೆಯ ದಿನ ಕಬ್ಬಿನ ಎಲೆ ಕೊಯ್ದು ಕೈ, ಕುತ್ತಿಗೆ ಉರಿಯುತ್ತಿದ್ದವು. ಮನೆಗೆ ಹೋಗಿ ಗೋಡೆಗೆ ಒರಗಿ ಅತ್ತೆ. ಸುಳ್ಳು ಯಾಕೆ ಹೇಳಲಿ, ಈ ಹುಚ್ಚು ನಿನಗೆ ಯಾಕೆ ಬೇಕಿತ್ತು ಎಂದು ನನಗೆ ನಾನೇ ಉಗಿದುಕೊಂಡೆ. ಮೂರನೆಯ ಬೆಳಿಗ್ಗೆ ಅವನೇ ನನ್ನ ಬಾಗಿಲಿಗೆ ಬಂದ.

"ಅಕ್ಕೋರ, ಆಕಿಗಿ ಎರಡು ರೊಟ್ಟಿ ಕೊಡ್ತೀರೇನ್ರಿ?"

ಕೊಟ್ಟೆ. ಬಾಯಿ ಮುಚ್ಚಿಕೊಂಡು ಕೊಟ್ಟೆ. ಶುಕ್ರವಾರದ ಹೊತ್ತಿಗೆ ಕೂಸಿನ ಅಳು ಓಣಿಗೆಲ್ಲ ಕೇಳಿಸುವಷ್ಟು ಜೋರಾಯಿತು. ತಾಯಿಗೆ ಹಾಲು ಬಂದಿತ್ತು.

ಭಾನುವಾರ ಆಳಂದದ ನಮ್ಮ ಚರ್ಚಿನಲ್ಲಿ ಪ್ರಭುಭೋಜನದ ಆರಾಧನೆ, ಯೇಸುಸ್ವಾಮಿಯ ನೆನಪಿಗೆ ಎಲ್ಲರೂ ಒಂದೇ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಶಿಕ್ಷಕಿಯಾದಾಗಿನಿಂದ ನಾನು ಅದನ್ನು ತಪ್ಪಿಸಿದವಳಲ್ಲ. ಆದರೆ ಕಾರ್ಖಾನೆ ಭಾನುವಾರ ನಿಲ್ಲುವುದಿಲ್ಲ, ಟ್ರ್ಯಾಕ್ಟರ್ ಎಂದಿನಂತೆ ಬಂತು, ನಾನೂ ಹೋದೆ. ಬಿಸಿಲೇರುವ ಹೊತ್ತಿಗೆ ಬದುವಿನ ಮೇಲೆ ಒಂದು ಬೈಕ್ ನಿಂತಿತು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಜೇವರ್ಗಿ ಕಡೆಯ ನನ್ನ ಓಣಿಯಲ್ಲೇ ಹುಟ್ಟಿದವರು. ಅವರ ತಾಯಿ, ನನ್ನ ಅವ್ವ ಇಬ್ಬರೂ ಒಂದೇ ಗೌಡರ ಹೊಲದಲ್ಲಿ ಜೋಳದ ಹೊರೆ ಹೊತ್ತವರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ರವದಿ ತುಳಿಯುತ್ತ ನನ್ನತ್ತ ಬಂದರು.

"ಏನ್ರಿ ಅಕ್ಕೋರ ಇದು? ಇವತ್ತ ಭೋಜನದ ಆರಾಧನಿ ಅದ. ನೀವ ನೋಡಿದ್ರ ಐತವಾರ ದಿವಸ ಕಬ್ಬು ಹೊರಾಕತ್ತೀರಿ."

"ಆಕಿ ಬಾಣಂತಿ ಇದಾಳ್ರಿ. ಆಕಿ ಬದಲಿ ಬಂದೇನಿ."

"ಏನರೆ ಕೊಡೂದಿದ್ರ ಕೊಟ್ಟು ಕಳಸ್ರಿ. ನಮ್ಮ ಅವ್ವಗೋಳು ಈ ಹೊರಿ ಇಳಸಲಾಕ ಜಲ್ಮ ಸವಿಸ್ಯಾರ. ಅಕ್ಕೋರ ಹಂಗ ಓದ್ರಿ ಅಂತ ಓಣಿ ಹುಡುಗ್ಯಾರಿಗಿ ನಿಮ್ಮನ್ನ ತೋರಸ್ತೇವಿ ನಾವು. ನೀವೇ ಮತ್ತ ತಲಿ ಮ್ಯಾಲ ಇಟ್ಕೊಂಡ್ರ ಊರ ಮಂದಿ ಏನಂತಾರ? ಎಷ್ಟು ಕಲಿತ್ರೂ ಇವರದು ಇಷ್ಟೇ ಅಂತಾರ."

ಈ ಮಾತು ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ. ಅವ್ವನ ನೆತ್ತಿಯ ಮೇಲೆ ಕೂದಲು ಸವೆದು ಅಂಗೈಯಗಲ ಬೋಳಾಗಿದ್ದನ್ನು ನಾನು ಬಾಚುವಾಗ ದಿನಾ ನೋಡಿದವಳು. ಆದರೆ ಸಿಟ್ಟೂ ಬಂತು.

"ನಮ್ಮ ಅವ್ವಗೋಳ ತಲಿ ಮ್ಯಾಲಿಂದ ಇಳಿದದ್ದು ಖರೇ ರೀ. ಇಳಿದು ಎಲ್ಲಿ ಹೋತು ನೋಡಿರೇನು? ಈ ಹುಡುಗಿ ತಲಿ ಮ್ಯಾಲ ಕುಂತದ."

ಅಷ್ಟರಲ್ಲಿ ಹುಡುಗಿ ಬದುವಿನ ಮೇಲೆ ಕಾಣಿಸಿದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು, ತಲೆಗೆ ಬಟ್ಟೆ ಸುತ್ತಿದ್ದಳು. ಹಿರಿಯರು ಮೊದಲು ಜೋಪಡಿಗೆ ಹೋಗಿ ನನ್ನನ್ನು ವಿಚಾರಿಸಿದ್ದರಂತೆ, ಆಕೆಗೆ ವಿಷಯ ಗೊತ್ತಾಗಿತ್ತು.

"ನನ್ನ ಸಲುವಾಗಿ ನಿಮ್ಮ ದೇವರ ಕೆಲಸ ತಪ್ಪೂದು ಬ್ಯಾಡ್ರಿ. ಹೋಗಿ ಬರ್ರಿ. ಇವತ್ತ ನಾ ಹೊರ್ತೇನಿ."

"ನೋಡ್ರಿ, ಆಕಿನೇ ಬಂದಾಳ" ಎಂದರು ಹಿರಿಯರು. "ನಡೀರಿ, ಬೈಕ್ ಮ್ಯಾಲ ಹೋದ್ರ ಭೋಜನಕ್ಕ ಮುಟ್ತೇವಿ."

ಹುಡುಗಿ ಆಗಲೇ ನನ್ನ ಹೊರೆಯ ಕಡೆ ಬಗ್ಗಿದ್ದಳು. ಹೋಗಿ ಆಕೆಯ ತೋಳು ಹಿಡಿದು ಎಳೆದೆ.

"ಯಾರು ಬಾ ಅಂದ್ರು ಬೇ ನಿನಗ? ಹೊಲಿಗಿ ಬಿಚ್ಚಿದ್ರ ಸಾಯ್ತಿ, ಕೂಸಿಗಿ ಯಾರು ನೋಡ್ತಾರ? ನಡಿ, ಹೋಗಿ ಮಲ್ಕೋ!"

ಶಾಲೆಯಲ್ಲಿ ಯಾವ ಮಗುವಿಗೂ ನಾನು ಆ ದನಿಯಲ್ಲಿ ಬೈದಿರಲಿಲ್ಲ. ಗಂಡ ಬಂದು ಆಕೆಯ ಹೆಗಲು ಹಿಡಿದು ತಿರುಗಿಸಿದ. ಅವರು ಬದು ದಾಟುವ ತನಕ ನೋಡಿದೆ. ತಿರುಗಿದರೆ ಹಿರಿಯರು ಇನ್ನೂ ಅಲ್ಲೇ ನಿಂತಿದ್ದರು, ನನ್ನ ಹೊರೆ ಕೆಳಗೆ ಬಿದ್ದಿತ್ತು. ಅಷ್ಟು ದೊಡ್ಡ ಹೊರೆಯನ್ನು ನನ್ನ ತಲೆಗೆ ನಾನೇ ಏರಿಸಿಕೊಳ್ಳಲಾರೆ. ಎದುರಿಗೆ ಇನ್ನೊಬ್ಬರು ನಿಂತು ಎತ್ತಿಕೊಡಬೇಕು.

"ನಿಂತು ಏನು ನೋಡ್ತೀರಿ? ಎತ್ತಿ ಕೊಡ್ರಿ."

ತಮ್ಮ ಅಂಗಿಯನ್ನು ನೋಡಿಕೊಂಡರು. ಗಡಿಯಾರ ನೋಡಿಕೊಂಡರು. ನಾನು ಕದಲಲಿಲ್ಲ. ಕೊನೆಗೆ ಬಗ್ಗಿದರು. ಒಂದು ಕೈ ಅಡಿಗೆ ಕೊಟ್ಟು, ಹೊರೆಯನ್ನು ಮೊದಲು ಮೊಣಕಾಲಿಗೆ ತಂದುಕೊಂಡು, ಅಲ್ಲಿಂದ ಒಂದೇ ಎತ್ತಿಗೆ ನನ್ನ ಸಿಂಬಿಯ ನಡುವೆ ಇಟ್ಟರು. ಒಂದು ಗಳವೂ ಜಾರಲಿಲ್ಲ. ಬ್ಯಾಂಕಿನ ಕೆಲಸ ಕಲಿಸುವ ಕೈಚಳಕ ಅದಲ್ಲ, ಹುಡುಗನಾಗಿ ತಾಯಿಯ ಎದುರು ನಿಂತು ಕಲಿತದ್ದು. ಅವರ ಕಣ್ಣು ತುಂಬಿದ್ದವು. ನಾನು ನೋಡದವಳಂತೆ ಟ್ರ್ಯಾಕ್ಟರಿನ ಕಡೆ ನಡೆದೆ.

ಆ ತಿಂಗಳೇ ಚರ್ಚಿನ ಕಮಿಟಿ ಕೂಡಿ ನನ್ನ ಹೆಸರನ್ನು ಪ್ರಭುಭೋಜನದ ಪಟ್ಟಿಯಿಂದ ತೆಗೆಯಿತು. ತೆಗೆಯಬೇಕೆಂದು ಕೈ ಎತ್ತಿದವರಲ್ಲಿ ಹಿರಿಯರೂ ಒಬ್ಬರು. ಭಾನುವಾರದ ವಿಶ್ರಾಂತಿಯ ನೇಮ ಮುರಿದದ್ದು ತಪ್ಪಾಯಿತೆಂದು ಬರೆದುಕೊಟ್ಟರೆ ಮತ್ತೆ ಸೇರಿಸುತ್ತಾರಂತೆ. ನಾನು ಬರೆದುಕೊಟ್ಟಿಲ್ಲ, ಕೊಡುವುದೂ ಇಲ್ಲ. ಹುಡುಗಿ ಚೇತರಿಸಿಕೊಂಡು ಏಳುವ ತನಕ ಇನ್ನೂ ನಾಲ್ಕು ಭಾನುವಾರ ಹೊತ್ತೆ, ಬೇಕಾದರೆ ಅವನ್ನೂ ಸೇರಿಸಿ ಬರೆದುಕೊಳ್ಳಲಿ. ಆ ಮೊದಲ ಭಾನುವಾರ ಸಂಜೆ ಮೈಯೆಲ್ಲ ಕಬ್ಬಿನ ಸುಂಕು ಅಂಟಿಸಿಕೊಂಡು ಜೋಪಡಿಗೆ ಹೋದಾಗ ಆಕೆ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಏಳು ಎನ್ನುವವರು ಯಾರೂ ಇರಲಿಲ್ಲ.